ಮೋನೊಂಗ್ ದಾರಿಯ ಟೈರು

"ಒದೀಬೇಡಿ ರ್ರಾ. ಅದು ಕತ್ತೆ ಅಲ್ಲ, ಟೈರು."

ಪಂಕ್ಚರ್ ಆದ ಚಕ್ರಕ್ಕೆ ಇನ್ನೊಂದು ಒದೆ ಕೊಡಲು ಎತ್ತಿದ್ದ ಕಾಲು ಹಾಗೇ ನಿಂತಿತು. ಆತ ತಿರುಗಿ ನೋಡಿದ. ಮಸಿ ಮೆತ್ತಿದ ಕೈ, ತಲೆಗೆ ಬಿಗಿದ ಕೆಂಪು ವಸ್ತ್ರ, ಉರಿಯುತ್ತಿರುವ ಎರಡು ಕಣ್ಣು... ಹುಕುಂತ್ಸಿಯ ಟೈರ್ ಅಂಗಡಿಯ ಸೆಥುನ್ಯ.

"ಕತ್ತೆಗೂ ನಾನು ಒದೆಯಲ್ಲ ಮ್ಮಾ," ಅಂದ ಅವನು ಪೆಚ್ಚಾಗಿ. ಆ ಸೀಮೆಯಲ್ಲಿ ಗಂಡಸರಿಗೆ ರ್ರಾ, ಹೆಂಗಸರಿಗೆ ಮ್ಮಾ ಎನ್ನುವುದು ಮರ್ಯಾದೆ.

ಅವನೇ ಮೊದಿರಿ. ಊರಿನ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್. ಪೂರ್ವದ ಕಲ್ಲುಗುಡ್ಡಗಳಲ್ಲಿ ಹುಟ್ಟಿ ಬೆಳೆದವನಿಗೆ ಕಲಹರಿ ಮರುಭೂಮಿಯ ಮರಳು ಇನ್ನೂ ಒಗ್ಗಿರಲಿಲ್ಲ.

ಆವತ್ತಿನಿಂದ ಅವನ ಹಳೇ ಪಿಕಪ್ಪಿಗೆ ಏನೇನೋ ಕಾಯಿಲೆ ಶುರುವಾಯಿತು. ಒಂದು ದಿನ ಗಾಳಿ ಕಮ್ಮಿಯಾದ ಹಾಗೆ ಅನಿಸುತ್ತಿತ್ತು, ಇನ್ನೊಂದು ದಿನ ನಟ್ಟು ಸಡಿಲವಾದ ಹಾಗೆ. ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಬರುವಾಗ ಕಾಗದದಲ್ಲಿ ಸುತ್ತಿದ ಬಿಸಿ ಮಗ್ವಿನ್ಯಾ ತರುತ್ತಿದ್ದ, ಅವಳು ಚಹಾ ಕಾಸುತ್ತಿದ್ದಳು. ಕರಿದ ಹಿಟ್ಟಿನ ಆ ಉಂಡೆಗಳನ್ನು ಇಬ್ಬರೂ ಟೈರಿನ ಮೇಲೆ ಕೂತು ತಿನ್ನುತ್ತಿದ್ದರು. ಮಾತು ಮಾತ್ರ ಮಳೆ, ದನ, ರಸ್ತೆ ಬಿಟ್ಟು ಮುಂದಕ್ಕೆ ಹೋಗುತ್ತಿರಲಿಲ್ಲ.

'ಇವನು ಬರೋದು ನನಗೋಸ್ಕರವಾ, ಗಾಳಿಗೋಸ್ಕರವಾ?' ಸೆಥುನ್ಯಳಿಗೆ ಗೊತ್ತಾಗುತ್ತಿರಲಿಲ್ಲ. ಕೇಳೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು.

ಒಂದು ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹಣೆಯ ಮೇಲೆ ಬೆವರಿತ್ತು.

"ಶನಿವಾರ ನಮ್ಮ ಸೋದರಮಾವಂದಿರು, ಸೋದರತ್ತೆ ಊರಿಂದ ಬರ್ತಿದ್ದಾರೆ. ಅವರನ್ನ ಮೋನೊಂಗ್‌ಗೆ ಕರ್ಕೊಂಡು ಹೋಗ್ಬೇಕು. ಈ ಟೈರಲ್ಲಿ ಆಗಲ್ಲ. ನೀವೇ... ನೀವೇ ಆರಿಸಿ ಕೊಡಿ."

ಮಾವಂದಿರು ಕೋಟು ಹಾಕಿ, ಅತ್ತೆ ಕಂಬಳಿ ಹೊದ್ದು ಬೇರೆ ಊರಿಗೆ ಹೊರಟರೆ ಯಾತಕ್ಕೆಂದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಹೆಣ್ಣು ಕೇಳುವುದಕ್ಕೆ.

ಮೋನೊಂಗ್! ಅಲ್ಲಿನ ಶಾಲೆಯ ಟೀಚರ್ ಲೆಸೇಗೊ ಎಷ್ಟು ಚೆಲುವೆ ಎಂದು ಊರಿಗೇ ಗೊತ್ತಿತ್ತು. ಔಷಧಿ ವ್ಯಾನಿನಲ್ಲಿ ಮೊದಿರಿ ಅಲ್ಲಿಗೆ ಹೋಗಿ ಬರುವುದೂ ಗೊತ್ತಿತ್ತು.

ಅದೇ ಮೋನೊಂಗಿನಲ್ಲಿ ತನ್ನನ್ನು ಸಾಕಿದ ಸೋದರಮಾವ ದಿತಿರೋ ಇದ್ದಾನೆ, ಅಪ್ಪನಿಲ್ಲದ ತನ್ನನ್ನು ಯಾರಾದರೂ ಕೇಳಬೇಕೆಂದರೆ ಆ ಅಂಗಳಕ್ಕೇ ಹೋಗಿ ಕೇಳಬೇಕು... ನಿಮಗೆ ಹೊಳೆದ ಈ ಮಾತು ಅವಳಿಗೆ ಹೊಳೆಯಲೇ ಇಲ್ಲ. ಪಾಪ, ಹೊಳೆಯುವುದಾದರೂ ಹೇಗೆ? ಅಪ್ಪ ತೀರಿಕೊಂಡ ಮೇಲೆ ಅವನ ದನಗಳನ್ನು ಮಾರಿ ಅಂಗಡಿ ಉಳಿಸಿಕೊಂಡಿದ್ದಳು. 'ದನ ಮಾರಿ ರಬ್ಬರ್ ಕೊಂಡವಳು ನನ್ನ ಅಂಗಳ ತುಳೀಬೇಡ' ಎಂದಿದ್ದ ಮಾವ. ಅಂದಿನಿಂದ ಆ ಬಾಗಿಲನ್ನು ಅವಳು ಮನಸ್ಸಿನಲ್ಲೇ ಮುಚ್ಚಿಬಿಟ್ಟಿದ್ದಳು.

ಮೊದಿರಿ ಆಳವಾದ ಹಲ್ಲಿನ, ದೈತ್ಯನಂಥ ಕೆಸರಿನ ಟೈರೊಂದನ್ನು ಮುಟ್ಟಿದ. "ನಮ್ಮ ಗುಡ್ಡದ ಕಡೆ ಇದನ್ನೇ ಹಾಕೋದು. ಮೋನೊಂಗ್ ದಾರಿಗೆ ಇದು ಆಗುತ್ತಾ?"

ಆಗುವುದಿಲ್ಲ. ಆ ಹಲ್ಲು ಮರಳನ್ನು ತೋಡುತ್ತದೆ, ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕೂರುತ್ತದೆ. ಬೇಕಾದದ್ದು ಗೋಡೆಗೆ ಒರಗಿಸಿಟ್ಟಿದ್ದ, ಎಲ್ಲ ನೆಲಕ್ಕೂ ಹೊಂದುವ ಆಲ್ ಟೆರೇನ್ ಟೈರು. ಗಾಳಿ ಇಳಿಸಿದರೆ ಅಗಲವಾಗಿ ಹರಡಿ ಮರಳಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಇದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಆಗುತ್ತೆ," ಅಂದಳು.

"ಮನಸಾರೆ ಹೇಳ್ತಿದ್ದೀರಾ?"

"ಹೌದು. ಹೋಗಿ ಬನ್ನಿ."

ಅವನು ಮುಖ ತುಂಬಾ ನಕ್ಕ. 'ಬೇರೆಯವಳನ್ನ ಕೇಳೋಕೆ ಹೊರಟವನು ನನ್ನ ನೋಡಿ ಯಾಕೆ ಹೀಗೆ ನಗ್ತಾನೆ?' ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಗಾಡಿ ಹೋದ ಮೇಲೆ ಟೈರುಗಳ ಮರೆಯಲ್ಲಿ ಕೂತು ಅತ್ತಳು.

ಶನಿವಾರ ಕಾಸಿದ ಚಹಾವನ್ನು ಕುಡಿಯದೆ ಹಾಗೇ ಬಿಟ್ಟಳು. ಟೈರು ಮಾರುವುದೆಂದರೆ ಒಬ್ಬರನ್ನು ಮನೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟ ಹಾಗೆ ಎನ್ನುತ್ತಿದ್ದ ಅಪ್ಪ. ಆ ಮುದುಕರು ಈಗ ಬಿಸಿಲಲ್ಲಿ...

'ಯಾರನ್ನ ಬೇಕಾದರೂ ಮದುವೆಯಾಗಲಿ. ನನ್ನ ಟೈರಿಂದ ಕೆಡಬಾರದು.' ರಿಮ್ಮಿಗೆ ಕೂರಿಸಿದ ನಾಲ್ಕು ಆಲ್ ಟೆರೇನ್ ಚಕ್ರ, ಜಾಕಿ, ಸಲಿಕೆ, ಹಗ್ಗ, ನೀರು ಎಲ್ಲವನ್ನೂ ತನ್ನ ಗಾಡಿಗೆ ತುಂಬಿಕೊಂಡು ಹೊರಟೇಬಿಟ್ಟಳು.

ಅಂದುಕೊಂಡ ಜಾಗದಲ್ಲೇ ಸಿಕ್ಕಿದರು. ಪಿಕಪ್ ಹೊಟ್ಟೆಯವರೆಗೆ ಮರಳಲ್ಲಿ ಕೂತಿತ್ತು. ಕೋಟು ತೊಟ್ಟ ಮಾವಂದಿರು ಮುಳ್ಳುಮರದ ನೆರಳಲ್ಲಿ ಬೆವರುತ್ತಿದ್ದರು. ಮೊದಿರಿ ಮಂಡಿಯೂರಿ ಕೈಯಲ್ಲೇ ಮರಳು ತೋಡುತ್ತಿದ್ದ. ಅವಳನ್ನು ಕಂಡ ಕೂಡಲೇ ಅವನ ಮುಖ ಬಿಳಿಚಿತು.

ಚೌಕುಳಿ ಕಂಬಳಿ ಹೊದ್ದ ಸೋದರತ್ತೆ ಸೆಥುನ್ಯಳನ್ನು ಮೇಲಿಂದ ಕೆಳಗೆ ನೋಡಿದಳು. "ಟೈರಿನವಳು ಇವಳೇನೋ?"

ಮೊದಿರಿ ತಲೆಯಾಡಿಸಿದ.

"ನಾನು ಹೇಳ್ಲಿಲ್ವಾ?" ಅಂದಳು ಅತ್ತೆ. "ಹುಡುಗಿ ಬೇಡ ಅಂತ ಬಾಯಲ್ಲಿ ಹೇಳ್ಲಿಲ್ಲ, ಟೈರಲ್ಲಿ ಹೇಳಿದ್ದಾಳೆ. ಮನಸಿಲ್ಲದವಳನ್ನ ಕೇಳೋಕೆ ಇಷ್ಟು ದೂರ ಬಂದ್ವಿ. ತಿರುಗಿಸು ಗಾಡಿ, ಮನೆಗೆ ಹೋಗೋಣ."

ಚಕ್ರ ಇಳಿಸಲು ಹೊರಟಿದ್ದ ಸೆಥುನ್ಯ ತಿರುಗಿದಳು. "ಯಾವ ಹುಡುಗಿ? ನೀವು... ಟೀಚರ್ ಮನೆಗಲ್ವಾ ಹೋಗ್ತಿರೋದು?"

"ಯಾವ ಟೀಚರ್?" ಮೊದಿರಿ ಎದ್ದು ನಿಂತ. "ನಿಮ್ಮ ಮಾವನ ಮನೆಗೆ. ಬಿ.ಪಿ. ನೋಡುವಾಗ ಅವರ ಹತ್ತಿರ ಎಷ್ಟೋ ಸಲ ಮಾತಾಡಿದ್ದೀನಿ. ಮೋನೊಂಗ್ ಅಂದ ಮೇಲೆ ನಿಮಗೆ ತಿಳಿಯುತ್ತೆ ಅಂದ್ಕೊಂಡೆ. ಹೋಗಿ ಬನ್ನಿ ಅಂದ್ರಲ್ಲ, ಅದೇ ಒಪ್ಪಿಗೆ ಅಂದ್ಕೊಂಡೆ..."

ಅವಳ ಕಣ್ಣು ತುಂಬಿ ಬಂತು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೈರು ಕೈಕೊಟ್ಟಿತು ಎಂದರೆ ಮುಗಿಯುತ್ತಿತ್ತು. ಆದರೆ ಸೆಥುನ್ಯ ಅಂಥವಳಲ್ಲ.

"ಈ ಟೈರು ಮರಳಿಗಾಗಲ್ಲ ಅಂತ ನನಗೆ ಗೊತ್ತಿತ್ತು," ಅಂದಳು ಅತ್ತೆಯ ಕಡೆ ತಿರುಗಿ. "ಬೇರೆಯವಳನ್ನ ಕೇಳೋಕೆ ಹೋಗ್ತಿದ್ದಾರೆ ಅಂದ್ಕೊಂಡು ಹೊಟ್ಟೆ ಉರಿದು ಬಾಯಿ ಮುಚ್ಚಿಕೊಂಡೆ. ತಪ್ಪು ನನ್ನದು. ವಾಪಸ್ ಹೋಗೋದಾದ್ರೆ ಹೋಗಿ, ಆದ್ರೆ ಒಳ್ಳೆ ಟೈರಲ್ಲಿ ಹೋಗಿ."

ಮಾವಂದಿರು ಮುಖ ಮುಖ ನೋಡಿಕೊಂಡರು. ಅತ್ತೆ ತನ್ನ ಕಂಬಳಿ ತೆಗೆದು ಸೆಥುನ್ಯಳ ತಲೆಯ ಮೇಲೆ ಹೊದಿಸಿದಳು.

"ಮುಖ ಮುಚ್ಕೋ. ಕೇಳೋಕೆ ಹೊರಟವರು ದಾರಿಯಲ್ಲಿ ಹೆಣ್ಣನ್ನ ನೋಡಬಾರದು. ನಾವು ನಿನ್ನ ನೋಡಿಲ್ಲ. ಹೊಟ್ಟೆ ಉರಿಯೋ ಅಷ್ಟು ಪ್ರೀತಿ ಇರೋಳೇ ನಮಗೆ ಬೇಕಾಗಿರೋದು. ಹಾಕು ಟೈರು, ಹೊತ್ತಾಯ್ತು."

ಕಂಬಳಿ ಹೊದ್ದೇ ಅವಳು ಹಗ್ಗ ಕಟ್ಟಿ ಪಿಕಪ್ ಎಳೆದಳು, ಜಾಕಿ ಏರಿಸಿದಳು, ಚಕ್ರ ಬದಲಿಸಿ ಗಾಳಿ ಇಳಿಸಿದಳು. ತನ್ನನ್ನು ಕೇಳಲು ಬಂದವರ ಗಾಡಿಗೆ ತಾನೇ ಟೈರು ಹಾಕಿದವಳು ಆ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು.

ಹೆಣ್ಣು ಕೇಳುವಾಗ ಗಂಡಾಗುವವನೂ ಆ ಅಂಗಳಕ್ಕೆ ಹೋಗುವಂತಿಲ್ಲ. ಊರ ಅಂಚಿನಲ್ಲಿ ಮೊದಿರಿ ಇಳಿದು ತನ್ನ ಕಿರಿಯ ಮಾವನಿಗೆ ಗಾಡಿ ಕೊಟ್ಟ. ಹಿಂದಿನಿಂದ ಸೆಥುನ್ಯ ಬಂದಳು. ಇಬ್ಬರೂ ಮರದಡಿ ಕೂತರು. ದಿತಿರೋ ಮಾವ ಬಾಗಿಲು ಹಾಕಿಕೊಂಡರೆ?

ಸೆಥುನ್ಯಳ ಫೋನು ರಿಂಗಾಯಿತು. ಎಷ್ಟೋ ಕಾಲದ ಮೇಲೆ ಕೇಳಿದ ದನಿ.

"ಯಾರೋ ಬಂದು ನೀರಿನ ಸೋರೆಬುರುಡೆ ಬೇಕು ಅಂತ ಕೂತಿದ್ದಾರೆ. ನಿನಗೆ ಇವರು ಗೊತ್ತಾ?"

ಸೋರೆಬುರುಡೆ ಕೇಳುವುದೆಂದರೆ ಆ ಸೀಮೆಯಲ್ಲಿ ಮನೆಗೆ ನೀರು ತರುವ ಹೆಣ್ಣನ್ನು, ಸೊಸೆಯನ್ನು, ಕೇಳಿದ ಹಾಗೆ.

"ಗೊತ್ತು ಮಾವ."

"ಈ ಮರಳಲ್ಲಿ ಹೂವಿನ ಹಾಗೆ ಬಂದಿಳಿದ್ರು. ಅವರ ಟೈರು ಯಾರು ಹಾಕಿದ್ದು?"

"...ನಾನೇ."

ಮುದುಕ ದನಿ ತಗ್ಗಿಸಿದ. "ದನ ಮಾರಿದ್ದು ದಂಡವಾಗ್ಲಿಲ್ಲ ಬಿಡು. ಇವರು ಹೋದ ಮೇಲೆ ಮನೆಗೆ ಬಾ ಮಗಳೇ."

ಸೆಥುನ್ಯ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮೊದಿರಿ ಗಾಬರಿಯಾದ. "ಬೇಡ ಅಂದ್ರಾ?"

ಇಲ್ಲವೆಂದು ತಲೆಯಾಡಿಸಿದಳು. "ನನ್ನ ಒಂದು ಮಾತು ಕೇಳಬಾರದಿತ್ತಾ ಮೊದಿರಿ? ಊರಿಗೆಲ್ಲಾ ಹೇಳಿದಿರಿ, ನನಗೆ ಹೇಳಲಿಲ್ಲ."

"ನಾನು ಟೈರ್ ಆರಿಸಿ ಕೊಡಿ ಅಂದೆನಲ್ಲ... ನನಗೆ ಅಷ್ಟೇ ಧೈರ್ಯ ಇದ್ದದ್ದು." ಅವನು ಅವಳ ಮಸಿ ಮೆತ್ತಿದ ಕೈ ಹಿಡಿದುಕೊಂಡ. "ಈಗ ಹೇಳ್ಲಾ? ನಿನ್ನ ಕಂಡ್ರೆ ನನಗೆ ಪ್ರಾಣ. ಗಾಳಿ ಯಾವತ್ತೂ ಕಮ್ಮಿಯಾಗಿರಲಿಲ್ಲ."

"ಗೊತ್ತಿತ್ತು," ಅಂದಳು ಅಳುತ್ತಲೇ ನಕ್ಕು. "ಆದ್ರೂ ಪ್ರತಿ ಸಲ ತುಂಬಿಸಿ ಕಳಿಸ್ತಿದ್ದೆ, ನೀನು ಮತ್ತೆ ಬರಲಿ ಅಂತ."