ನಾಲ್ಕಕ್ಕೆ ಮುಚ್ಚುವ ಬಾಗಿಲು

ಒಂದೂರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಎಪ್ಪತ್ತಾರು ವರ್ಷ.

ಅವನು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿದ್ದ!

ಆನೆ, ಕುದುರೆ, ಪಲ್ಲಕ್ಕಿ ಎಲ್ಲ ನಮ್ಮಜ್ಜಿಯ ಕತೆಗಳಲ್ಲೇ ಉಳಿದುಹೋದವು. ಈ ರಾಜನಿಗೆ ಸಿಕ್ಕಿದ್ದು ಕನ್ನಡಿ ಮುರಿದ ಸ್ಕೂಟರು, ಜೊತೆಗೆ ನಾನು. ಬೆನ್ನ ಹಿಂದೆ ಒಂದು ಬಿಳಿ ಕಾರು. ಕಾರಿನಲ್ಲಿ ಇಬ್ಬರು ರಾಕ್ಷಸರು.

"ಮಗಳೇ, ಎಷ್ಟು ಹತ್ರ ಬಂದ್ರು?"

"ನೀವೇ ತಿರುಗಿ ನೋಡಿ ತಾತ. ನನಗೆಲ್ಲಿದೆ ಕನ್ನಡಿ?"

"ತಲೆ ತಿರುಗ್ತದೆ, ಹೆಲ್ಮೆಟ್ಟು ತಿರುಗಲ್ಲ ಕಣಮ್ಮ! ಒಳಗೆ ಬರೀ ಕತ್ತಲು!"

ಹಿಂದಿನಿಂದ ಹಾರ್ನ್. ಉದ್ದ... ಕೋಪದ ಹಾರ್ನ್.

ಮುಂದೆ ಸಿಗ್ನಲ್ಲು ಹಳದಿಗೆ ತಿರುಗಿತು. ನುಗ್ಗಿದೆ. ಕಾರಿಗೆ ಕೆಂಪು ಬಿತ್ತು.

ಗಂಟೆ ಮೂರು ನಲವತ್ತೊಂದು. ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ. ಮುಚ್ಚಿತೆಂದರೆ ಮುಗಿಯಿತು. ಆ ಬಾಗಿಲು ರಾಜನಿಗಾಗಿಯೂ ತೆರೆಯುವುದಿಲ್ಲ!

ರಾಕ್ಷಸರು ಯಾರು ಎಂದು ಕೇಳುತ್ತೀರಿ ತಾನೆ? ಒಬ್ಬ ರಾಜನ ಸ್ವಂತ ಮಗ. ಜಿಮ್ ನಡೆಸುತ್ತಾನೆ. ಅವನಿಗೆ ಕತ್ತು ಎನ್ನುವುದೇ ಇಲ್ಲ, ತಲೆ ನೇರವಾಗಿ ಭುಜದ ಮೇಲೆ ಕೂತಿದೆ. ಇನ್ನೊಬ್ಬ ಅಳಿಯ. ಕನ್ನಡಕದಂಗಡಿಯವನು. ಅರ್ಧ ಮೈಲಿಯಿಂದಲೇ ನಂಬರ್ ಪ್ಲೇಟ್ ಓದುತ್ತಾನೆ.

ನಾನು ಮಾಡುವ ಕೆಲಸ ಕಳೆದದ್ದನ್ನು ಹುಡುಕುವುದು. ಟೈಲರ್ ಅಂಗಡಿಯ ಮೇಲೆ ಒಂದು ರೂಮು, ಒಂದು ಮೇಜು, ಕಾಲು ಅಲ್ಲಾಡುವ ಒಂದು ಕುರ್ಚಿ. ಮೂರು ದಿನದ ಹಿಂದೆ ಆ ಕುರ್ಚಿಯಲ್ಲಿ ರಾಜ ಬಂದು ಕೂತ. ಪ್ಯಾಂಟು ಗಿಡ್ಡ ಮಾಡಿಸುವ ನೆಪ. ಕೆಳಗೆ ಅಳಿಯ ಕಾಯುತ್ತಿದ್ದ.

"ಯಾರನ್ನ ಹುಡುಕಬೇಕು ತಾತ?"

"ಯಾರನ್ನೂ ಹುಡುಕೋದು ಬೇಡ. ನನ್ನನ್ನ ಕಿಡ್ನ್ಯಾಪ್ ಮಾಡಬೇಕು."

ಪೆನ್ನು ಕೆಳಗಿಟ್ಟೆ.

"ನಲವತ್ತು ವರ್ಷ ದೊಡ್ಡ ಥಿಯೇಟರಲ್ಲಿ ನಾಟಕ ಮಾಡಿದೀನಿ. ಮೂರನೇ ಸಾಕ್ಷಿ. ಎರಡನೇ ಪೊಲೀಸು. ಎರಡು ಸಲ ಹೆಣ. ಒಂದ್ಸಲ ಹೆಣಕ್ಕೆ ಸೀನು ಬಂದುಬಿಡ್ತು. ಆಮೇಲೆ ಹೆಣದ ಪಾರ್ಟೂ ಕೊಡಲಿಲ್ಲ."

ನಾನು ನಗಲಿಲ್ಲ. ಕಷ್ಟಪಟ್ಟೆ.

"ಹೋದ ವರ್ಷ ಒಂದು ಮಾತು ಸಿಕ್ತು. ಒಂದೇ ಒಂದು ಮಾತು. ಸಾವಿರ ಜನ ಕೂರೋ ಹಾಲ್. ನಿಂತೆ... ಮರೆತುಹೋಯ್ತು. ಹಾಲೆಲ್ಲ ನಕ್ಕುಬಿಡ್ತು ಮಗಳೇ. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ ನಾನು."

"ಅದಕ್ಕೇ ನಿಮ್ಮ ಮಗ ನಾಟಕ ಬೇಡ ಅಂತಾನಾ?"

"ಅವನು ಕೆಟ್ಟೋನಲ್ಲ. ಆ ತಿಂಗಳು ಪಕ್ಕ ಕೂತು ಊಟ ತಿನ್ನಿಸಿದ್ದು ಅವನೇ. ಇನ್ನು ಸ್ಟೇಜ್ ಹತ್ತಿದ್ರೆ ನನ್ನ ಮೇಲೆ ಆಣೆ ಅಂದ. ಈಗ ಅದೇ ಥಿಯೇಟರ್ ಒಳಗಿನ ಸಣ್ಣ ಸ್ಟುಡಿಯೋದಲ್ಲಿ ನನಗೆ ರಾಜನ ಪಾರ್ಟು. ಪೂರ್ತಿ ನಾಟಕಕ್ಕೆ ನಾನೊಬ್ಬನೇ! ಫಿಸಿಯೋಥೆರಪಿ ಅಂತ ಸುಳ್ಳು ಹೇಳಿ ಒಂದು ತಿಂಗಳು ರಿಹರ್ಸಲ್ ಮಾಡಿದೆ. ಮೊಣಕಾಲು ಯಾಕೆ ಇನ್ನೂ ವಾಸಿಯಾಗಿಲ್ಲ ಅಂತ ಮಗ ಹೋಗಿ ಡಾಕ್ಟರನ್ನೇ ಕೇಳಿಬಿಟ್ಟ. ಆವತ್ತಿಂದ ನನ್ನನ್ನ ಒಬ್ಬನೇ ಹೊರಗೆ ಬಿಡಲ್ಲ."

ಶೋ ಒಂದೇ. ಶನಿವಾರ, ಸಂಜೆ ನಾಲ್ಕು. ಅದು ತಪ್ಪಿದರೆ ಇನ್ನು ಯಾವ ಪಾರ್ಟೂ ಇಲ್ಲ, ಹೆಣದ್ದೂ ಇಲ್ಲ.

"ಎರಡು ಕೆಲಸ," ರಾಜ ಬೆರಳು ಮಡಚಿದ. "ನಾಲ್ಕರೊಳಗೆ ಮುಟ್ಟಿಸಬೇಕು. ಕೊನೇ ಮಾತು ಆಡಿ ಮುಗಿಸೋತನಕ ಯಾರೂ ನನ್ನನ್ನ ಅಲ್ಲಿಂದ ಎಬ್ಬಿಸಬಾರದು."

ಮಾತು ಕೊಟ್ಟೆ. ಕೊಟ್ಟ ಮಾತೆಂದರೆ ಮಡಿಲಿಗೆ ಬಿದ್ದ ಕೂಸು, ದಾರಿಯಲ್ಲಿ ಇಳಿಸುವಂತಿಲ್ಲ ಎನ್ನುತ್ತಿದ್ದಳು ಅಜ್ಜಿ.

ಮಾರನೆಯ ದಿನ ಜಾಗ ನೋಡಲು ಹೋದೆ. ಹೋಗುವ ದಾರಿ ಗೊತ್ತಿಲ್ಲದ ಕಡೆ ನಾನು ಕೆಲಸ ಹಿಡಿಯುವುದಿಲ್ಲ.

ದೊಡ್ಡ ಥಿಯೇಟರು ಆನೆಯ ಹಾಗೆ ಮಲಗಿತ್ತು. ಅಮೃತಶಿಲೆಯ ಮೆಟ್ಟಿಲು, ಕೆಂಪು ವೆಲ್ವೆಟ್ಟು, ಸಾವಿರ ಸೀಟು. ಪಕ್ಕದ ಕಾರಿಡಾರಿನಲ್ಲಿ ನಡೆದು, ಬಣ್ಣದ ಡಬ್ಬಗಳ ರೂಮು ದಾಟಿ, ಹನ್ನೆರಡು ಮೆಟ್ಟಿಲು ಇಳಿದರೆ ಆನೆಯ ಹೊಟ್ಟೆಯೊಳಗೊಂದು ಪೆಟ್ಟಿಗೆ. ಅದೇ ಸ್ಟುಡಿಯೋ. ಕಪ್ಪು ಗೋಡೆ, ಕಪ್ಪು ನೆಲ, ಮೇಲೆ ಪೈಪುಗಳ ಜಾಲ, ಪೈಪಿಗೆ ಬಾವಲಿಗಳಂತೆ ತೂಗುವ ಲೈಟುಗಳು.

"ಸ್ಟೇಜ್ ಎಲ್ಲಿ?" ಕೇಳಿದೆ.

"ನೀವು ನಿಂತಿದೀರಲ್ಲ, ಅದೇ!" ಎಂದಳು ಕ್ಯೂ ಅಕ್ಕ. ಲೈಟು ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂದು ಹೆಡ್‌ಸೆಟ್ಟಿನಲ್ಲಿ ಕ್ಯೂ, ಅಂದರೆ ಸೂಚನೆ, ಕೊಡುವವಳು ಅವಳು. ಪಿಸುಮಾತಿನಲ್ಲೇ ಬೈಯಬಲ್ಲಳು.

ಗೋಡೆಯಲ್ಲಿ ಒಂದು ಸ್ವಿಚ್ಚು ಒತ್ತಿದಳು. ಗುಡುಗುಡು ಸದ್ದು... ಗೋಡೆಯ ಒಳಗಿನಿಂದ ಸೀಟುಗಳು ಮೇಜಿನ ಡ್ರಾಯರ್ ಎಳೆದ ಹಾಗೆ ಸಾಲುಸಾಲಾಗಿ ಹೊರಗೆ ಬಂದವು! ಇನ್ನೊಮ್ಮೆ ಒತ್ತಿದಳು. ಎಲ್ಲ ಒಳಗೆ. ಮಾಯ!

"ನಿನ್ನೆ ಸೀಟು ಒಂದೇ ಕಡೆ ಇತ್ತು. ನಾಳಿದ್ದು ನಾಲ್ಕೂ ಕಡೆ, ಬಿಡಿ ಕುರ್ಚಿ. ಮಧ್ಯೆ ರಾಜ. ಒಂದೊಂದು ನಾಟಕಕ್ಕೆ ಒಂದೊಂದು ರೂಮು ಮಾಡ್ಕೋತೀವಿ."

"ಇರೋದು ಒಂದೇ ಬಾಗಿಲಾ?"

"ಜನಕ್ಕೆ ಒಂದೇ. ಅದು ತೆರೆಯೋದೇ ಆಡೋ ಜಾಗಕ್ಕೆ. ಲೇಟಾಗಿ ಬಂದೋರು ರಾಜನ ಮೂಗಿನ ಮುಂದೇನೇ ಹಾದುಹೋಗಬೇಕು. ಅದಕ್ಕೇ ನಾಲ್ಕು ಅಂದ್ರೆ ನಾಲ್ಕು. ಒಳಗಿದ್ದೋರು ಒಳಗೆ, ಹೊರಗಿದ್ದೋರು ಹೊರಗೆ. ಹೋದ ತಿಂಗಳು ನಮ್ಮ ಡೈರೆಕ್ಟರನ್ನೇ ಹೊರಗೆ ನಿಲ್ಲಿಸಿದೀನಿ."

ಆ ಮಾತು ಕಿವಿಯಲ್ಲಿ ಇಟ್ಟುಕೊಂಡೆ.

ಇನ್ನು ಇವತ್ತಿನ ಕಿಡ್ನ್ಯಾಪಿನ ಕತೆ ಕೇಳಿ. ಹಿತ್ತಲ ಬಾಗಿಲಿನ ಬೀಗ ತೆಗೆಯಲು ನನಗೆ ಹಿಡಿದದ್ದು ಹನ್ನೊಂದು ಸೆಕೆಂಡು. ರಾಜನಿಗೆ ಶೂ ಹಾಕಿಕೊಳ್ಳಲು ಹಿಡಿದದ್ದು ಆರು ನಿಮಿಷ. ಸಿಕ್ಕಿಬಿದ್ದದ್ದು ಅಲ್ಲೇ!

ಮೂರು ಐವತ್ತೆರಡು. ಥಿಯೇಟರಿನ ಮುಂದೆ ಸ್ಕೂಟರು ನಿಲ್ಲಿಸಲಿಲ್ಲ, ಎಸೆದೆ. ಹಿಂದೆ ಬ್ರೇಕಿನ ಕಿರುಚಾಟ. ಬಿಳಿ ಕಾರು!

"ಓಡಿ ತಾತ!"

"ರಾಜರು ಓಡಲ್ಲಮ್ಮ."

"ಇವತ್ತು ಓಡ್ತಾರೆ!"

ಓಡಿದ. ಹೆಲ್ಮೆಟ್ಟಿನ ಸಮೇತ! ಕಾರಿಡಾರು... ಬಣ್ಣದ ರೂಮು... ಹನ್ನೆರಡು ಮೆಟ್ಟಿಲು. ಕ್ಯೂ ಅಕ್ಕ ಅವನ ತಲೆಯಿಂದ ಹೆಲ್ಮೆಟ್ಟು ಕಿತ್ತು ಅದೇ ಜಾಗಕ್ಕೆ ಕಿರೀಟ ಇಟ್ಟಳು. ಒಂದು ಸೆಕೆಂಡೂ ವ್ಯರ್ಥವಾಗಲಿಲ್ಲ.

ರಾಕ್ಷಸರು ಎಲ್ಲಿ?

ತಲೆಯ ಮೇಲಿನಿಂದ ಧ್ವನಿ ಬಂತು. "ಅಪ್ಪಾ! ಎಲ್ಲಿದೀಯಾ? ಬಾ ಹೊರಗೆ!"

ಅಪ್ಪ ನಾಟಕಕ್ಕೆ ಹೋದ ಎಂದರೆ ಅವರಿಗೆ ಗೊತ್ತಿದ್ದದ್ದು ದೊಡ್ಡ ಹಾಲು ಒಂದೇ. ಇಬ್ಬರೂ ನೇರವಾಗಿ ಅಲ್ಲಿಗೇ ನುಗ್ಗಿದ್ದರು. ಸಾವಿರ ಖಾಲಿ ಸೀಟಿನ ಮುಂದೆ ನಿಂತು ಮಗ ಕೂಗುತ್ತಿದ್ದ. ಕಸ ಗುಡಿಸುವ ಹೆಂಗಸೊಬ್ಬಳು ಕೆಳಗಿನ ದಾರಿ ತೋರಿಸಿದಳಂತೆ. "ಅಲ್ಲಿ ಇಷ್ಟು ಜೋರಾಗಿ ಕೂಗಬೇಡಿ ಸಾರ್, ಪಿಸುಗುಟ್ಟಿದ್ರೂ ಕೇಳಿಸ್ತದೆ" ಎಂದೂ ಹೇಳಿದಳಂತೆ!

ಮೂರು ಐವತ್ತೊಂಬತ್ತು. ಮೆಟ್ಟಿಲ ಮೇಲೆ ದಡದಡ ಹೆಜ್ಜೆ.

"ಮುಚ್ಚಿಬಿಡ್ಲಾ?" ಕ್ಯೂ ಅಕ್ಕ ಕೇಳಿದಳು.

ಯೋಚಿಸಿದೆ. ಹೊರಗೆ ಬಿಟ್ಟರೆ ನಾಟಕದ ನಲವತ್ತು ನಿಮಿಷವೂ ಬಾಗಿಲು ಬಡಿಯುತ್ತಾರೆ. ಒಳಗಿದ್ದರೆ? ಒಳಗಿದ್ದರೆ ದಾರಿಯೇ ಇಲ್ಲ! ಎದ್ದು ಗಲಾಟೆ ಮಾಡಬೇಕೆಂದರೆ ಎಲ್ಲರ ಕಣ್ಣೆದುರು ರಾಜನ ಮೂಗಿನ ಮುಂದೆಯೇ ಹಾಯಬೇಕು.

"ಇಬ್ಬರಿಗೆ ಸೀಟಿದೆಯಾ?"

"ಮುಂದಿನ ಸಾಲು. ನಿಮ್ಮ ಪಕ್ಕ."

"ಬಿಡಿ ಒಳಗೆ!"

ಇಬ್ಬರೂ ನುಗ್ಗಿದರು. ಬಾಗಿಲು ಮುಚ್ಚಿತು. ದೀಪ ಆರಿತು. ಗವ್ವೆನ್ನುವ ಕತ್ತಲು. ಮಗನ ಮೊಣಕೈ ಹಿಡಿದು ಕುರ್ಚಿಗೆ ಒತ್ತಿದೆ.

"ಏಯ್! ಯಾರ್ರೀ ನೀವು?"

"ಕಿಡ್ನ್ಯಾಪರ್. ಸುಮ್ನೆ ಕೂತ್ಕೊಳ್ಳಿ."

"ನಿಮ್ಮನ್ನ ಆಮೇಲೆ ನೋಡ್ಕೋತೀನಿ..."

"ಆಮೇಲೆ ನೋಡಿ. ಈಗ ನಿಮ್ಮಪ್ಪನ್ನ ನೋಡಿ."

ಬೆಳಕು ಬಂತು. ಮರದ ಸ್ಟೂಲಿನ ಮೇಲೆ ರಾಜ. ನಮ್ಮಿಂದ ಮೂರೇ ಹೆಜ್ಜೆ. ಸುತ್ತ ಅರವತ್ತು ಮುಖ.

"ನನ್ನ ಅರಮನೆಗೆ ನೂರು ಬಾಗಿಲಿದ್ದವು," ಎಂದ ರಾಜ.

ಅದು ಪ್ಯಾಂಟು ಗಿಡ್ಡ ಮಾಡಿಸಲು ಬಂದ ಮುದುಕನ ಧ್ವನಿಯಲ್ಲ. ಮೈ ಜುಮ್ಮೆಂದಿತು! ಅರ್ಧ ಗಂಟೆ ಯಾರೂ ಅಲ್ಲಾಡಲಿಲ್ಲ. ಅಳಿಯ ಕೂಡ ಬಾಯಿ ತೆರೆದುಕೊಂಡು ಕೂತ. ಗೆದ್ದೆ ಎಂದುಕೊಂಡೆ.

ಹಾಗೆ ಅಂದುಕೊಳ್ಳಲೇಬಾರದು!

"ಮೊದಲನೆಯ ಬಾಗಿಲಿನಿಂದ ಸೈನ್ಯ ಹೋಯಿತು. ಎರಡನೆಯ ಬಾಗಿಲಿನಿಂದ ಖಜಾನೆ ಹೋಯಿತು. ಮೂರನೆಯ ಬಾಗಿಲಿನಿಂದ..."

ನಿಂತ.

ಒಂದು ಸೆಕೆಂಡು. ಎರಡು. ಐದು...

ಸಾವಿರ ಸೀಟಿನ ಹಾಲಿನಲ್ಲಿ ಮೌನ ಅವಿತುಕೊಳ್ಳಲು ಮೂಲೆಗಳಿರುತ್ತವೆ. ಇಲ್ಲಿಲ್ಲ. ರಾಜ ಎಂಜಲು ನುಂಗಿದ್ದು ಅರವತ್ತೂ ಜನಕ್ಕೆ ಕೇಳಿಸಿತು. ಅವನ ಕೈ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿಯಿತು.

"ಸಾಕು," ಮಗ ಕುರ್ಚಿಯ ತುದಿಗೆ ಸರಿದ. "ಮತ್ತೆ ಆ ತಿಂಗಳು ಬೇಡ. ಕರ್ಕೊಂಡು ಹೋಗ್ತೀನಿ."

ಎದ್ದ. ಅಂಗಿ ಹಿಡಿದು ಎಳೆದೆ. ಪರ್‍ರ್... ಎಂದಿತು! ಅಷ್ಟು ದೊಡ್ಡ ಮೈಯನ್ನು ನಾನು ಹಿಡಿದು ನಿಲ್ಲಿಸುವುದುಂಟೇ? ಒಂದು ಹೆಜ್ಜೆ. ಎರಡು. ಮೂರು. ಬೆಳಕಿನ ನಡುವೆ ನಿಂತ.

ಮೂಲೆಯಿಂದ ಕ್ಯೂ ಅಕ್ಕನ ಪಿಸುಮಾತು. "ಲೈಟ್ಸ್, ಹೋಲ್ಡ್... ಹೋಲ್ಡ್... ಯಾರೂ ಏನೂ ಮುಟ್ಟಬೇಡಿ!"

ರಾಜ ನಿಧಾನವಾಗಿ ತಲೆಯೆತ್ತಿದ. ಆ ರೂಮಿನ ಕಾನೂನು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ನೆಲದ ಮೇಲೆ ಕಾಲಿಟ್ಟವರು ಯಾರಾದರೂ ಸರಿ... ನಾಟಕದವರೇ!

"ಯಾರಲ್ಲಿ?" ಗುಡುಗಿದ.

ಮಗ ಸುತ್ತ ನೋಡಿದ. ಅರವತ್ತು ಜೊತೆ ಕಣ್ಣು. ಜಿಮ್ಮಿನಲ್ಲಿ ನೂರು ಕಿಲೋ ಎತ್ತುವವನು ಅಂಗಿಯ ತುದಿ ಹಿಡಿದುಕೊಂಡು ನಿಂತ.

"ನಾನು... ನಾನಪ್ಪಾ."

ಜನ ನಕ್ಕರು. ಆದರೆ ಕೇಳಿ, ಅದು ಬೇರೆ ನಗು. ಮನೆಯೊಳಗಿನ ನಗು.

"ಹೇಳದೆ ಕೇಳದೆ ನುಗ್ಗಿದ್ದೀಯೆ. ಏನು ಬೇಕಿತ್ತು?"

"ಮನೆಗೆ ಹೋಗೋಣ ಅಂತ..."

"ಇದು ಯಾರ ಮನೆ?"

ಮಗ ಕಪ್ಪು ಗೋಡೆ ನೋಡಿದ, ಕಿರೀಟ ನೋಡಿದ. ಅಪ್ಪನ ಕೈ ನೋಡಿದ. ಅದು ಸ್ಟೂಲಿನ ಅಂಚು ಬಿಟ್ಟಿತ್ತು.

"ನಿಂದು," ಎಂದ.

"ಹಾಗಾದರೆ ಕೂತುಕೋ."

ಕೂತ! ನೆಲದ ಮೇಲೆ, ಕಾಲು ಮಡಚಿ, ಮೂರನೇ ಕ್ಲಾಸಿನ ಹುಡುಗನ ಹಾಗೆ.

"ಎಲ್ಲಿಗೆ ನಿಲ್ಲಿಸಿದ್ದೆ ನಾನು?" ರಾಜ ಕೇಳಿದ.

"ಖಜಾನೆ ಹೋಯ್ತು ಅಂದೆ. ಮೂರನೇ ಬಾಗಿಲು ಬಾಕಿ."

"ಹೌದು. ಮೂರನೆಯ ಬಾಗಿಲಿನಿಂದ ರಾಣಿ ಹೋದಳು. ಮಾತು ಮುಗಿಯುವ ಮೊದಲೇ ಹೋದಳು."

ಅಮ್ಮನ ನೆನಪಾಯಿತೇನೋ, ನೆಲದ ಮೇಲೆ ಕೂತ ಮಗನ ಭುಜ ಒಮ್ಮೆ ಕುಸಿದು ಮೇಲೆದ್ದಿತು. ಪಕ್ಕದಲ್ಲಿ ಅಳಿಯ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದು ಒರೆಸಿದ.

ಉಳಿದ ಬಾಗಿಲುಗಳು ಒಂದಾದಮೇಲೊಂದು ಬಂದವು. ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಗೆ ರಾಜ ಎದ್ದು ನಿಂತು ಸುತ್ತಲೂ, ಒಬ್ಬೊಬ್ಬರನ್ನೇ ನೋಡಿದ.

"ನನ್ನ ರಾಜ್ಯ ಇಷ್ಟೇ ಅಗಲ. ಸಾಕು. ಇಲ್ಲಿ ಎಲ್ಲರ ಮುಖವೂ ಕಾಣುತ್ತದೆ."

ಕೊನೆಯ ಮಾತು! ಆಡಿ ಮುಗಿಸಿದ! ಯಾರೂ ಎಬ್ಬಿಸಲಿಲ್ಲ!

ದೀಪ ಆರಿತು. ಚಪ್ಪಾಳೆಗೆ ಪೈಪುಗಳು ಝಣಗುಟ್ಟಿದವು. ನಾನೂ ತಟ್ಟಲು ಹೋದೆ... ಆಗಲಿಲ್ಲ. ಮುಷ್ಟಿಯಲ್ಲಿ ಏನೋ ಇತ್ತು. ಮಗನ ಅಂಗಿಯ ಜೇಬು, ಹೊಲಿಗೆ ಸಮೇತ.

ನನ್ನ ಕಸುಬಿನಲ್ಲಿ ಇನ್ನೊಬ್ಬರ ಜೇಬಿಗೆ ಕೈ ಹಾಕುವುದು ಹೊಸದಲ್ಲ. ಜೇಬೇ ಕೈಗೆ ಬಂದದ್ದು ಇದೇ ಮೊದಲು!