ಬಂಗಡೆ ಬುಟ್ಟಿ, ಮೇಷ್ಟ್ರ ಮೂಗು

"ಬುಟ್ಟಿ ಇಲ್ಲೇ ಇಡಿ. ಕೂತ್ಕೊಳ್ಳಿ."

ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ಉಳಿದವರೆಲ್ಲ ಮೂಗು ಮುಚ್ಚಿಕೊಂಡಾಗ, ಒಬ್ಬನೇ ಒಬ್ಬ ಸರಿದು ಜಾಗ ಕೊಟ್ಟಿದ್ದ! ಬೈತಖೋಲ ಬಂದರಿನ ಹರಾಜಿನಲ್ಲಿ ಮೀನು ಕೊಂಡು ಅಂಕೋಲೆ ಪೇಟೆಯಲ್ಲಿ ಮಾರುವ ರೂಪಾಲಿಯ ಎದೆ ಅಂದೇ ಝಲ್ಲೆಂದಿತ್ತು. ಆದರೆ ಅಷ್ಟು ಸುಲಭಕ್ಕೆ ಸೋಲುವ ಹುಡುಗಿಯೇ ಅವಳು?

"ನಿಮಗೆ ವಾಸನೆ ಬರೂದಿಲ್ವಾ?" ನೇರವಾಗಿಯೇ ಕೇಳಿದ್ದಳು.

ಆತ ಶ್ರೀಕಾಂತ, ಅಂಕೋಲೆಯ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಸಿಕ್ಕಿದ್ದೇ ತಡ, ಪಾಠ ಶುರು! ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನುಗಳಿವೆಯಂತೆ, ಒಂದೊಂದಕ್ಕೂ ಒಂದೊಂದು ಜೀನ್ ಅಂತೆ. ಅಂಥದ್ದೊಂದು ಜೀನ್ ಬದಲಾದ ಕೆಲವರಿಗೆ ಮೀನಿನ ವಾಸನೆ ಅಷ್ಟಾಗಿ ತಟ್ಟುವುದೇ ಇಲ್ಲವಂತೆ.

ಓಹೋ, ಇವನೂ ಅಂಥವನೇ... ಎಂದುಕೊಂಡಳು ರೂಪಾಲಿ.

ಆಮೇಲೆ ದಿನವೂ ಅದೇ ಬಸ್ಸು, ಅದೇ ಸೀಟು, ಅಂಕೋಲೆ ಬಂದರೂ ಮುಗಿಯದ ಮಾತು. ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ವಾರವೇ ಶ್ರೀಕಾಂತ ಬೈತಖೋಲದಲ್ಲಿ ಬೋಟು ನಿಲ್ಲುವ ಧಕ್ಕೆಗೆ ಬಂದು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಬಿಟ್ಟ.

ಅವಳ ಕಣ್ಣು ತುಂಬಿತು. ಬಾಯಿಗೆ ಬಂದ 'ಹೂಂ' ಅನ್ನು ಹಾಗೇ ನುಂಗಿಕೊಂಡಳು.

"ಬ್ಯಾಡ. ವಾಸನೆ ಗೊತ್ತಾಗ್ದೇ ಇದ್ದವ್ರು ನನ್ನ ಒಪ್ಪಿದ್ರೆ ಅದ್ರಲ್ಲಿ ಎಂತಾ ದೊಡ್ಡಸ್ತಿಕೆ? ಇದು ನನ್ನ ಆಯಿ ನಮ್ಮನ್ನೆಲ್ಲ ಸಾಕಿದ ವಾಸನೆ. ಗೊತ್ತಿದ್ದೂ ಪಕ್ಕ ಕೂರೋರು ಬೇಕು ನಂಗೆ."

ಶ್ರೀಕಾಂತ ಕಕ್ಕಾಬಿಕ್ಕಿಯಾದ. ನನಗೆ ವಾಸನೆ ಬರುವುದಿಲ್ಲವೆಂದು ನಾನು ಯಾವತ್ತು ಹೇಳಿದೆ ಎಂದು ಗೋಗರೆದ. ಮಾತಿಗೆಲ್ಲ ಕರಗುವವಳಲ್ಲ ಇವಳು. "ಕಣ್ಣು ಮುಚ್ಕೊಳ್ಳಿ," ಎಂದಳು. ಈಗಷ್ಟೇ ಬೋಟಿನಿಂದ ಇಳಿದ ಬಂಗಡೆಯೊಂದು, ಮಾರಬಾರದೆಂದು ಬದಿಗೆ ಎಸೆದಿದ್ದ ನಿನ್ನೆಯದೊಂದು, ಎರಡನ್ನೂ ಒಂದಾದ ಮೇಲೊಂದು ಮೂಗಿಗೆ ಹಿಡಿದಳು.

ಎರಡನೆಯದಕ್ಕೆ ಮೇಷ್ಟ್ರ ಮುಖ ಹುಣಸೆಹಣ್ಣು ತಿಂದಂತಾಯಿತು!

"ಇದು... ನಿನ್ನೇದು," ಎಂದ, ಉಸಿರು ಬಿಗಿಹಿಡಿದು.

ಮೀನು ವಿಂಗಡಿಸುತ್ತಿದ್ದ ಹೆಂಗಸರು ಬಿದ್ದುಬಿದ್ದು ನಕ್ಕರು. ರೂಪಾಲಿ ಮಾತ್ರ ನಗಲಿಲ್ಲ.

"ಹಾಗಾದ್ರೆ ಮೊದಲ ದಿನ ಬಸ್ಸಲ್ಲಿ?"

"ಅವತ್ತೂ ಬಂದಿತ್ತು. ತಲೆ ತಿರುಗಿತ್ತು."

"ಮತ್ತೆ ಎಂತಕ್ಕೆ ಕೂರ್ಸಿದ್ರಿ?"

"ಎಲ್ರೂ ಮೂಗು ಮುಚ್ಕೊಂಡ್ರೂ ನೀವು ತಲೆ ತಗ್ಗಿಸ್ಲಿಲ್ಲ, ರೂಪಾಲಿ. ನಾನು ಅದನ್ನೇ ನೋಡ್ತಾ ಇದ್ದೆ."

ಅವಳ ಕಣ್ಣೀರು ಈಗ ನಿಲ್ಲಲಿಲ್ಲ. ಒರೆಸಿಕೊಳ್ಳಲೂ ಹೋಗಲಿಲ್ಲ. ಬುಟ್ಟಿಯ ಒಂದು ಹಿಡಿಕೆಯನ್ನು ಅವನ ಕಡೆ ಚಾಚಿದಳು.

"ಹಿಡೀರಿ. ಅಂಕೋಲೆ ಪೇಟೆಯಲ್ಲಿ ಎಲ್ರೂ ನೋಡ್ಲಿ."

ಇಬ್ಬರೂ ಬುಟ್ಟಿ ಎತ್ತಿ ಬಸ್ಸಿನ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ವಾಸನೆ ಬರ್ತದಾ?"

"ಬರ್ತದೆ," ಎಂದ ಶ್ರೀಕಾಂತ, ತಲೆ ಎತ್ತಿಕೊಂಡೇ. "ಚಲೋ ಬರ್ತದೆ."