ಗ್ಯಾವಿನ್ ಪೆಟ್ರಿಯ ಗುರುತು

ತಪ್ಪು ನನ್ನದೇ, ಒಪ್ಪುತ್ತೇನೆ.

ಮುತ್ತಜ್ಜ ಗ್ಯಾವಿನ್ ಪೆಟ್ರಿ ಕಲ್ಲುಕುಟಿಗ. 1883ರಲ್ಲಿ ಆರ್ಬ್ರೋತ್ ಬಂದರಿನ ಗೋಡೆ ಕಟ್ಟುವಾಗ ಸಮುದ್ರಕ್ಕೆ ಬಿದ್ದ, ಹೆಣ ಸಿಗಲಿಲ್ಲ. ವಂಶಾವಳಿ ಬರೆಯಲೆಂದು ನಾನು ಕಲ್ಲುಕುಟಿಗರ ಸಂಘಕ್ಕೆ ಹೋದೆ. ಅಲ್ಲಿ ದಾಖಲೆ ನೋಡಿಕೊಳ್ಳುವ ಮುದುಕಿ ಎಫಿ ಹಳೆಯ ಪುಸ್ತಕ ತೆಗೆದುಕೊಟ್ಟರು. ಪ್ರತಿ ಹೆಸರಿನ ಪಕ್ಕ, ಆ ಕುಟಿಗ ತಾನು ಕಡೆದ ಕಲ್ಲಿನಲ್ಲಿ ಸಹಿಯಂತೆ ಕೊರೆಯುತ್ತಿದ್ದ ಗುರುತು. ಸತ್ತವರ ಗುರುತಿನ ಮೇಲೆ ಅಡ್ಡಗೆರೆ. ಗ್ಯಾವಿನ್‌ನ ಗುರುತಿಗೆ ಮಾತ್ರ ಗೆರೆಯಿರಲಿಲ್ಲ. ಆ ಪುಟದಲ್ಲಿ ಕೆಂಪು ಕಲ್ಲಿನ ಪುಡಿಯಿತ್ತು. ಒರೆಸಿದೆ, ಮತ್ತೆ ಬಂತು.

ಗೋಡೆಯಾಚೆ ಉಳಿಯ ಸದ್ದು.

“ಹಿಂದೆ ಯಾರು ಕೆಲಸ ಮಾಡ್ತಿರೋದು?”

“ಹಿಂದೆ ಇರೋದು ಸಮುದ್ರ. ಮೀನು ಕಲ್ಲು ಕಡೀತಾವಾ?” ಎಂದು ಎಫಿ ನಕ್ಕರು.

ಯಾರೋ ಗೆರೆ ಹಾಕಲು ಮರೆತಿರಬೇಕೆಂದು, ಪೆನ್ಸಿಲಿನಿಂದ ಗ್ಯಾವಿನ್‌ನ ಗುರುತಿನ ಮೇಲೆ ನಾನೇ ಗೆರೆ ಎಳೆದೆ. ಸದ್ದು ನಿಂತಿತು. ಗಡಿಯಾರ ಮೂರು ಹೊಡೆಯಿತು.

“ಏನಯ್ಯಾ ಮಾಡಿದೆ? ಹೆಣ ಕಣ್ಣಾರೆ ಕಂಡವರೇ ಗೆರೆ ಹೊಡೀಬೇಕು. ನೀನು ಕಂಡಿದ್ದೀಯಾ?”

ಮನೆಯ ಬಾಗಿಲಲ್ಲೇ ಹೆಂಡತಿ ಮೊರಾಗ್ ಹಿಡಿದುಕೊಂಡಳು. “ಕಲ್ಲುಕುಟಿಗನ್ನ ಕಳಿಸ್ತೀನಿ ಅಂತ ಒಂದು ಮಾತು ಹೇಳಬಾರದಾ? ಮೂರು ಗಂಟೆಯಿಂದ ಹೊಸ್ತಿಲು ಕುಟ್ಟಿದ್ದೇ ಕುಟ್ಟಿದ್ದು. ಚಹಾ ಕೊಟ್ಟರೆ ಮುಟ್ಟಲಿಲ್ಲ. ಪಾಪ, ಮೈಯೆಲ್ಲ ಒದ್ದೆ.”

ಹೊಸ್ತಿಲ ಕಲ್ಲಿನಲ್ಲಿ ಅದೇ ಗುರುತು.

ಮರುದಿನವೇ ಹೋಗಿ ಪೆನ್ಸಿಲ್ ಗೆರೆ ಅಳಿಸಿ ಬಂದೆ. ಹೊಸ್ತಿಲು ಮಾತ್ರ ಇವತ್ತಿಗೂ ಒಣಗಿಲ್ಲ.